ಆ ಕೋರ್ಟಿನಲ್ಲಿ ಲೆಗಾಸೊವ್ ಇರಲೇ ಇಲ್ಲ

1986ರ ಏಪ್ರಿಲ್‌ನಲ್ಲಿ ಸೋವಿಯತ್ ಒಕ್ಕೂಟದ ಚೆರ್ನೋಬಿಲ್ ಅಣುಸ್ಥಾವರದ ರಿಯಾಕ್ಟರ್ ಸ್ಫೋಟಗೊಂಡ ಕಥೆ ಹೇಳುವ 2019ರ 'ಚೆರ್ನೋಬಿಲ್' ಧಾರಾವಾಹಿ ಇರುವುದು ಐದೇ ಕಂತು. ಅದರ ಬಗ್ಗೆ ಬರುವ ಪ್ರಶ್ನೆಗಳಿಗೆ ಮಾತ್ರ ಕೊನೆಯಿಲ್ಲ. ನಾನು ರಿಯಾಕ್ಟರ್ ಭೌತಶಾಸ್ತ್ರ ಕಲಿಸುವವಳು. ಅದೇ ಪ್ರಶ್ನೆಗಳಿಗೆ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಬರೆದು ಸಾಕಾಗಿದೆ. ಈ ಸಲ ಎಲ್ಲರಿಗೂ ಒಟ್ಟಿಗೆ ಉತ್ತರ. ರಿಯಾಕ್ಟರ್ ಹೇಗೆ ಕೆಲಸ ಮಾಡುತ್ತದೆ ಅಂತ ಮೊದಲಿನಿಂದ ಹೇಳುವುದಿಲ್ಲ. ಧಾರಾವಾಹಿ ಪೂರ್ತಿ ನೋಡಿದ್ದೀರಿ ಅಂದುಕೊಂಡೇ ಬರೆಯುತ್ತೇನೆ.

ಕೊನೆಯ ಕಂತಿನಲ್ಲಿ ಅಪಘಾತದ ತನಿಖೆ ಮಾಡಿದ ಸೋವಿಯತ್ ವಿಜ್ಞಾನಿ ವಲೇರಿ ಲೆಗಾಸೊವ್ ಕೋರ್ಟಿನಲ್ಲಿ ನಿಂತು ರಿಯಾಕ್ಟರಿನ ದೋಷ ಬಯಲು ಮಾಡುತ್ತಾರೆ. ನಿಜವಾಗಿಯೂ ಹಾಗೆ ನಡೆಯಿತಾ? ಇಲ್ಲ ಅಂದ್ರೆ ನಿರ್ದೇಶಕರು ಯಾಕೆ ಹಾಗೆ ತೋರಿಸಿದರು?

ನಡೆಯಲಿಲ್ಲ. 1987ರ ಜುಲೈನಲ್ಲಿ ಚೆರ್ನೋಬಿಲ್ ಪಟ್ಟಣದಲ್ಲಿ ವಿಚಾರಣೆ ಆದದ್ದು ನಿಜ. ಅಲ್ಲಿ ಲೆಗಾಸೊವ್ ಇರಲಿಲ್ಲ, ಸರ್ಕಾರಿ ಆಯೋಗದ ಮುಖ್ಯಸ್ಥ ಶೆರ್ಬಿನಾ ಕೂಡ ಇರಲಿಲ್ಲ. ಧಾರಾವಾಹಿಯ ವಿಜ್ಞಾನಿ ಉಲಾನಾ ಖೋಮ್ಯುಕ್ ಅನ್ನುವ ವ್ಯಕ್ತಿಯೇ ಇಲ್ಲ. ಅನೇಕ ವಿಜ್ಞಾನಿಗಳ ಪರವಾಗಿ ಕಲ್ಪಿಸಿದ ಪಾತ್ರ ಅಂತ ಧಾರಾವಾಹಿಯೇ ಕೊನೆಯಲ್ಲಿ ಹೇಳುತ್ತದೆ. ಆರೋಪಿಗಳೂ ಮೂವರಲ್ಲ, ಆರು ಜನ. ಸ್ಥಾವರದ ನಿರ್ದೇಶಕ ಬ್ರ್ಯುಖಾನೊವ್, ಮುಖ್ಯ ಎಂಜಿನಿಯರ್ ಫೋಮಿನ್, ಆ ರಾತ್ರಿಯ ಪರೀಕ್ಷೆ ನಡೆಸಿದ ಉಪ ಮುಖ್ಯ ಎಂಜಿನಿಯರ್ ದ್ಯಾತ್ಲೊವ್ ಮೂವರಿಗೂ 10 ವರ್ಷ ಶಿಕ್ಷೆಯಾಯಿತು. ಉಳಿದ ಮೂವರಿಗೆ ಅದಕ್ಕಿಂತ ಕಡಿಮೆ.

ಲೆಗಾಸೊವ್ ಗಂಟೆಗಟ್ಟಲೆ ಮಾತಾಡಿದ್ದು ಬೇರೆ ಕಡೆ. 1986ರ ಆಗಸ್ಟಿನಲ್ಲಿ, ವಿಯೆನ್ನಾದಲ್ಲಿ, ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ಸಭೆಯಲ್ಲಿ. ಅವರ ಮುಕ್ತ ಮಾತಿಗೆ ಅಲ್ಲಿದ್ದವರೆಲ್ಲ ತಲೆದೂಗಿದರು. ಆದರೆ ತಪ್ಪಿನ ಹೊರೆ ಬಹುಪಾಲು ಬಿದ್ದದ್ದು ಆಪರೇಟರುಗಳ ಮೇಲೆಯೇ. ಸಂಸ್ಥೆಯ ಸಲಹಾ ತಂಡದ ಮೊದಲ ವರದಿಯೂ ಅದೇ ದಾರಿ ಹಿಡಿಯಿತು. ವಿನ್ಯಾಸದ ದೋಷಕ್ಕೆ ತಕ್ಕ ಸ್ಥಾನ ಸಿಕ್ಕಿದ್ದು 1992ರ ಎರಡನೇ ವರದಿಯಲ್ಲಿ. ಅಷ್ಟು ಹೊತ್ತಿಗೆ ಲೆಗಾಸೊವ್ ತೀರಿಕೊಂಡು ನಾಲ್ಕು ವರ್ಷ ಆಗಿತ್ತು.

ಹಾಗಂತ ಆ ದೃಶ್ಯವನ್ನು ಪೂರ್ತಿ ತಳ್ಳಿಹಾಕಬೇಡಿ. ಕೆಂಪು, ನೀಲಿ ಫಲಕ ಹಿಡಿದು ಲೆಗಾಸೊವ್ ಹೇಳುವ ಭೌತಶಾಸ್ತ್ರ ಬಹುಮಟ್ಟಿಗೆ ಸರಿ. ಶಕ್ತಿ 30 ಮೆಗಾವ್ಯಾಟಿಗೆ ಕುಸಿದದ್ದು, ರಿಯಾಕ್ಟರನ್ನು ಕುಗ್ಗಿಸುವ ಝೆನಾನ್ ಅನಿಲ ತುಂಬಿಕೊಂಡದ್ದು, ಹೇಗೋ 200ಕ್ಕೆ ಏರಿಸಿ 700ರಲ್ಲಿ ಮಾಡಬೇಕಿದ್ದ ಸುರಕ್ಷತಾ ಪರೀಕ್ಷೆಯನ್ನು ಅಲ್ಲೇ ಶುರು ಮಾಡಿದ್ದು, ಎಲ್ಲವೂ ದಾಖಲೆಯಲ್ಲಿದೆ. ನನ್ನ ವಿದ್ಯಾರ್ಥಿಗಳಿಗೂ ಆ ಭಾಗ ನೋಡಲು ಹೇಳುತ್ತೇನೆ. ಒಂದೇ ತಿದ್ದುಪಡಿ. ಕಂಟ್ರೋಲ್ ರಾಡಿನ (ರಿಯಾಕ್ಟರಿಗೆ ಬ್ರೇಕ್‌ನಂತಿರುವ ಸರಳು) 'ತುದಿ'ಯಲ್ಲಿ ಗ್ರಾಫೈಟ್ ಅಂದಾಗ ಜನ ಪೆನ್ಸಿಲ್ ಮೊನೆಯಷ್ಟು ಚೂರು ಅಂದುಕೊಳ್ಳುತ್ತಾರೆ. ಅದು ಸುಮಾರು 4.5 ಮೀಟರ್ ಉದ್ದದ ಭಾಗ. ಮೇಲೆತ್ತಿದ್ದ ರಾಡ್ ಕೆಳಗಿಳಿಯುವಾಗ ಅದು ತಳದಲ್ಲಿದ್ದ ನೀರನ್ನು ಹೊರಗೆ ತಳ್ಳಿತು. ಕ್ರಿಯೆ ಮುಂದುವರಿಸುವ ನ್ಯೂಟ್ರಾನ್ ಕಣಗಳನ್ನು ಹೀರುವ ನೀರು ಹೋಗಿ, ಆ ಜಾಗಕ್ಕೆ ಅಷ್ಟಾಗಿ ಹೀರದ ಗ್ರಾಫೈಟ್ ಬಂತು. ನಿಲ್ಲಿಸಲು ಒತ್ತಿದ ಗುಂಡಿಯಿಂದ ತಳದಲ್ಲಿ ಶಕ್ತಿ ಏರಿತು.

ನಿರ್ದೇಶಕ ಯೋಹಾನ್ ರೆಂಕ್ ಇದನ್ನೆಲ್ಲ ಕೊನೆಗೆ ಇಟ್ಟುಕೊಂಡದ್ದು ನನಗೆ ತುಂಬಾ ಇಷ್ಟವಾಯಿತು. ಮೊದಲ ಕಂತಿನಲ್ಲಿ ಸ್ಫೋಟ ಕಾಣುವುದು ದೂರದ ಮನೆಯೊಂದರ ಕಿಟಕಿಯಲ್ಲಿ. ಬೆಳಕು ಮೊದಲು, ಅದುರು ಆಮೇಲೆ. ಏನಾಯಿತು ಅಂತ ಕಂಟ್ರೋಲ್ ರೂಮಿನವರಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಆ ಗೊಂದಲದಲ್ಲೇ ನಾಲ್ಕು ಕಂತು ಕಳೆಯುತ್ತವೆ. ಆಮೇಲೆ ಅದೇ ರಾತ್ರಿಗೆ ವಾಪಸು ಕರೆದುಕೊಂಡು ಹೋದಾಗ ಪ್ರತಿ ಅಂಕಿಗೂ ಅರ್ಥ ಬರುತ್ತದೆ. ಬಿಡಿಸಿ ಹೇಳಲು ಒಬ್ಬರು ಬೇಕು, ಕೇಳಲು ಒಂದು ಸಭೆ ಬೇಕು. ಅದಕ್ಕೇ ಕೋರ್ಟು.

ನನ್ನ ತಕರಾರು ಬೇರೆ. ಗುಂಡಿ ಒತ್ತುವ ಮೊದಲೇ ಶಕ್ತಿ ಕೈಮೀರಿ ಏರಿದಂತೆ ತೋರಿಸುತ್ತಾರೆ. ದಾಖಲಾದ ಅಂಕಿಗಳು ಹಾಗೆ ಹೇಳುವುದಿಲ್ಲ. ಗುಂಡಿ ಯಾಕೆ ಒತ್ತಿದರು ಅನ್ನುವುದಕ್ಕೆ ಆಮೇಲೆ ಕೂತ ಸೋವಿಯತ್ ಆಯೋಗಕ್ಕೂ ಖಚಿತ ಕಾರಣ ಸಿಗಲಿಲ್ಲ. ಪರೀಕ್ಷೆ ಮುಗಿಯಿತು ಅಂತ ಸುಮ್ನೆ ಒತ್ತಿದ್ದು ಅಂತಲೇ ದ್ಯಾತ್ಲೊವ್ ಕೊನೆಯವರೆಗೂ ಹೇಳುತ್ತಿದ್ದರು. ಅದು ನಿಜವಾದರೆ ಇನ್ನೂ ಭಯಂಕರ, ಅಲ್ವಾ?

ಇನ್ನೊಂದು ವಿಷಯ. ಧಾರಾವಾಹಿಯ ಸ್ಥಾವರದ ದೃಶ್ಯಗಳನ್ನು ತೆಗೆದದ್ದು ಲಿಥುವೇನಿಯಾದ ಇಗ್ನಾಲಿನಾದಲ್ಲಿ. ಅದೂ ಅದೇ ಮಾದರಿಯ ರಿಯಾಕ್ಟರುಗಳಿದ್ದ ಸ್ಥಾವರ, ಈಗ ಮುಚ್ಚಿದೆ. ರಾಡಿನ ಈ ದೋಷ 1983ರಲ್ಲೇ ಕಣ್ಣಿಗೆ ಬಿದ್ದದ್ದು ಅಲ್ಲಿಯೇ! ವಿಷಯ ಮೇಲಿನವರಿಗೆ ಗೊತ್ತಾಯಿತು, ಪತ್ರಗಳು ಓಡಾಡಿದವು. ಚೆರ್ನೋಬಿಲ್‌ನ ರಾಡುಗಳು ಮಾತ್ರ ಹಾಗೇ ಉಳಿದವು. ಒಬ್ಬ ಧೀರ ಒಂದು ಭಾಷಣದಲ್ಲಿ ಸತ್ಯ ಹೇಳಿದ ಅನ್ನುವುದಕ್ಕಿಂತ, ಗೊತ್ತಿದ್ದೂ ಮೂರು ವರ್ಷ ಯಾರೂ ಕೈ ಹಾಕಲಿಲ್ಲ ಅನ್ನುವುದೇ ದೊಡ್ಡ ಕಥೆ. ಕ್ಯಾಮೆರಾ ಆ ಸ್ಥಾವರದೊಳಗೇ ಇತ್ತು. ಅದನ್ನು ಒಂದು ದೃಶ್ಯದಲ್ಲಾದರೂ ತೋರಿಸಬೇಕಿತ್ತು.

ರಿಯಾಕ್ಟರಿನ ಕೆಳಗೆ ತುಂಬಿದ್ದ ನೀರನ್ನು ಹೊರಬಿಡಲು ಅದರೊಳಗೆ ಇಳಿದ ಮೂವರು ಸತ್ತರಂತೆ?

ಇಲ್ಲ. ಮೂವರೂ ಬದುಕಿ ಬಂದರು. ಅವರಲ್ಲೊಬ್ಬರಾದ ಬರಾನೊವ್ ತೀರಿಕೊಂಡದ್ದು 2005ರಲ್ಲಿ. ಧಾರಾವಾಹಿಯೂ ಇದನ್ನು ಸರಿಯಾಗಿಯೇ ಹೇಳಿದೆ. ದಯವಿಟ್ಟು ಕೊನೆಯಲ್ಲಿ ಪರದೆಯ ಮೇಲೆ ಬರುವ ಬರಹ ಓದಿ.

ರಿಯಾಕ್ಟರಿನ ಮೇಲೆ ಹಾರುತ್ತಿದ್ದ ಹೆಲಿಕಾಪ್ಟರ್ ವಿಕಿರಣಕ್ಕೆ ಬಿತ್ತಾ?

ಇಲ್ಲ. ಅದರ ರೆಕ್ಕೆ ಕ್ರೇನಿನ ಕೇಬಲ್ಲಿಗೆ ತಾಗಿತ್ತು. ಅದೂ ಬಿದ್ದದ್ದು ಅಪಘಾತದ ಮೊದಲ ದಿನಗಳಲ್ಲಲ್ಲ, ಅಕ್ಟೋಬರಿನಲ್ಲಿ.

ಕರಗಿದ ಇಂಧನ ಕೆಳಗಿನ ನೀರಿಗೆ ಬಿದ್ದಿದ್ದರೆ ಆಗುತ್ತಿತ್ತು ಅಂತ ಧಾರಾವಾಹಿ ಹೇಳುವ ಎರಡನೇ ಸ್ಫೋಟ 2ರಿಂದ 4 ಮೆಗಾಟನ್ ಆಗುತ್ತಿತ್ತಾ?

ಆವಿಯ ಸ್ಫೋಟಕ್ಕೆ ಆ ಶಕ್ತಿ ಬರಲು ಸಾಧ್ಯವೇ ಇಲ್ಲ. ಈ ಅಂಕಿಯನ್ನು ಇನ್ನೆಲ್ಲೂ ಹೇಳಬೇಡಿ.

ಸೈನಿಕರು ಛಾವಣಿಯಿಂದ ಗ್ರಾಫೈಟ್ ಚೂರು ಎತ್ತಿಹಾಕುವ ದೃಶ್ಯದಲ್ಲಿ ಯಾಕೆ ಅಷ್ಟು ಉಸಿರು ಕಟ್ಟುತ್ತದೆ?

ನಡುವೆ ಎಲ್ಲೂ ಕಟ್ ಇಲ್ಲ. ಅಲ್ಲಿ ನಿಲ್ಲಲು ಕೊಟ್ಟದ್ದು 90 ಸೆಕೆಂಡ್, ಶಾಟ್ ಕೂಡ ಹೆಚ್ಚುಕಡಿಮೆ ಅಷ್ಟೇ ಉದ್ದ. ಕಿವಿಗೆ ಬೀಳುವುದು ಉಸಿರು ಮತ್ತು ವಿಕಿರಣ ಅಳೆಯುವ ಗೈಗರ್ ಕೌಂಟರಿನ ಸದ್ದು. ಗಡಿಯಾರ ತೋರಿಸದೆ ಹೊತ್ತು ಎಷ್ಟು ಅಂತ ಮೈಗೆ ಮುಟ್ಟಿಸುವುದು ಹೀಗೆ.

ಅಗ್ನಿಶಾಮಕನ ಹೆಂಡತಿಯ ಬದಲು ಹೊಟ್ಟೆಯ ಮಗು ವಿಕಿರಣ ಹೀರಿಕೊಂಡಿತು ಅನ್ನುವುದು ನಿಜವಾ?

ಸುಳ್ಳು. ಇದನ್ನು ಧಾರಾವಾಹಿಯಲ್ಲಿ ವಿಜ್ಞಾನಿಯ ಬಾಯಿಂದ ಹೇಳಿಸಿದ್ದಾರೆ ಅನ್ನುವುದೇ ನನಗೆ ಸಿಟ್ಟು. ಯಾವ ಮಗುವೂ ತಾಯಿಯ ಪಾಲಿನ ವಿಕಿರಣ ಹೀರಿ ಅವಳನ್ನು ಉಳಿಸುವುದಿಲ್ಲ. ಬಟ್ಟೆ ತೆಗೆದು ಮೈ ತೊಳೆದ ಮೇಲೆ ವಿಕಿರಣಕ್ಕೆ ತುತ್ತಾದ ರೋಗಿಯ ಹತ್ತಿರ ಕೂತರೆ ಕೂತವರಿಗೆ ಅಪಾಯ ತೀರಾ ಕಡಿಮೆ. ಪ್ಲಾಸ್ಟಿಕ್ ಪರದೆ ಹಾಕುವುದು ಮುಖ್ಯವಾಗಿ ರೋಗಿಗೆ ಸೋಂಕು ತಗಲದಿರಲಿ ಅಂತ. ಇಂಥ ಮಾತಿನಿಂದ ಹಾನಿ ಆಗುತ್ತದೆ. 1986ರ ನಂತರ ದೂರದ ಗ್ರೀಸಿನಲ್ಲಿ ಬರೀ ಭಯಕ್ಕೆ ಎಷ್ಟೋ ಹೆಂಗಸರು ಬೇಕೆಂದು ಬಯಸಿದ ಮಗುವನ್ನೇ ತೆಗೆಸಿಕೊಂಡರು ಅಂತ ಅಲ್ಲಿನ ವೈದ್ಯರ ಅಧ್ಯಯನ ಹೇಳಿದೆ. ಈ ದೃಶ್ಯದ ತುಣುಕನ್ನು ಬಸುರಿಯರಿಗೆ ಕಳಿಸುವವರೇ, ನಿಲ್ಲಿಸಿ.

ಧಾರಾವಾಹಿಯಲ್ಲಿನವರಂತೆ ಅಯೋಡಿನ್ ಮಾತ್ರೆ ಮನೆಯಲ್ಲಿ ಇಟ್ಟುಕೊಂಡು ಆಗಾಗ ನುಂಗಬಹುದಾ? ವೋಡ್ಕಾ?

ವೋಡ್ಕಾ ವಿಕಿರಣಕ್ಕೆ ಮದ್ದಲ್ಲ. ಮೈಯಿಂದ ವಿಕಿರಣ ತೆಗೆಯುತ್ತೇವೆ ಅಂತ ಪುಡಿ, ಕಷಾಯ ಮಾರುವವರಿಗೂ ಒಂದು ಪೈಸೆ ಕೊಡಬೇಡಿ. ಅಯೋಡಿನ್ ಮಾತ್ರೆ ಕಾಯುವುದು ಥೈರಾಯ್ಡ್ ಒಂದನ್ನೇ, ಅದೂ ವಿಕಿರಣಶೀಲ ಅಯೋಡಿನ್‌ನಿಂದ ಮಾತ್ರ. ಸೀಸಿಯಂನಂಥ ಬೇರೆ ವಿಕಿರಣಶೀಲ ವಸ್ತು ಬಂದರೆ ಮಾತ್ರೆ ಏನೂ ಮಾಡದು. ಅಪಘಾತವಾಗಿ, ನಿಮ್ಮ ಭಾಗದ ಅಧಿಕಾರಿಗಳು ಹೇಳಿದಾಗ, ಹೇಳಿದಷ್ಟೇ ನುಂಗಬೇಕು. ಥೈರಾಯ್ಡ್ ತೊಂದರೆ ಇರುವವರು ಸುಮ್ನೆ ನುಂಗಿದರೆ ಆರೋಗ್ಯ ಕೆಡುತ್ತದೆ.