ಶಿಕ್ಷಣದಲ್ಲಿನ ಬಹುಭಾಷಿಕತೆಯನ್ನು ಸಂಶೋಧಿಸುವವರು ಮೊದಲು ಏನನ್ನು ಗಮನಿಸಬೇಕು?

ಮನೆಮಾತು ಒಂದು, ಶಾಲೆಯ ಭಾಷೆ ಇನ್ನೊಂದು ಆಗಿರುವ ಮಕ್ಕಳ ಕಲಿಕೆಯನ್ನು ಅಳೆಯುವಾಗ, ಹೋಲಿಕೆ ಸಮಾನರ ನಡುವೆ ನಡೆಯುತ್ತಿದೆಯೇ ಎಂಬುದನ್ನೇ ಮೊದಲು ನೋಡಬೇಕು. ಇಪ್ಪತ್ತನೆಯ ಶತಮಾನದ ಮೊದಲರ್ಧದ ಹಲವು ಅಧ್ಯಯನಗಳು ಬಡ ವಲಸಿಗರ ಮಕ್ಕಳನ್ನು ಅನುಕೂಲಸ್ಥರ ಏಕಭಾಷಿಕ ಮಕ್ಕಳೊಂದಿಗೆ ಹೋಲಿಸಿ, ಎರಡು ಭಾಷೆಗಳು ಬುದ್ಧಿಗೆ ಹೊರೆ ಎಂಬ ತೀರ್ಮಾನಕ್ಕೆ ಬಂದಿದ್ದವು; 1962ರಲ್ಲಿ ಸಂಶೋಧಕರಾದ ಎಲಿಜಬೆತ್ ಪೀಲ್ ಮತ್ತು ವಾಲೆಸ್ ಲ್ಯಾಂಬರ್ಟ್ ಅವರು ಕೆನಡಾದ ಮಾಂಟ್ರಿಯಲ್‌ನ ಹತ್ತು ವರ್ಷದ ಮಕ್ಕಳ ಆರ್ಥಿಕ ಹಿನ್ನೆಲೆಯನ್ನು ಸರಿದೂಗಿಸಿ ಪರೀಕ್ಷಿಸಿದಾಗ ದ್ವಿಭಾಷಿಕರೇ ಮುಂದಿದ್ದರು. (ಆ ಮಕ್ಕಳನ್ನು ಆಯ್ದ ಬಗೆಗೂ ಮುಂದೆ ಆಕ್ಷೇಪಗಳು ಬಂದವು.)

ಹೊಸ ಭಾಷೆಯಲ್ಲಿ ಸರಾಗವಾಗಿ ಮಾತಾಡಲು ಮಗುವಿಗೆ ಸುಮಾರು 2 ವರ್ಷ ಸಾಕಾದರೂ, ಪಠ್ಯದ ಭಾಷೆ ಕೈವಶವಾಗಲು 5ರಿಂದ 7 ವರ್ಷ ಬೇಕಾಗಬಹುದೆಂದು ದ್ವಿಭಾಷಾ ಶಿಕ್ಷಣದ ಸಂಶೋಧಕ ಜಿಮ್ ಕಮಿನ್ಸ್ ತೋರಿಸಿದ್ದಾರೆ; ಆದ್ದರಿಂದ ಒಂದೇ ವರ್ಷದ ಅಂಕಗಳನ್ನು ನೆಚ್ಚುವುದು, ನನ್ನ ದೃಷ್ಟಿಯಲ್ಲಿ, ಮಗುವಿಗೆ ಮಾಡುವ ಅನ್ಯಾಯ.

ತರಗತಿಯಲ್ಲಿ ಕುಳಿತು ಕೇಳಿಸಿಕೊಳ್ಳಲೂ ಬೇಕು. ಭಿನ್ನರಾಶಿಯ ಲೆಕ್ಕವನ್ನು ಪಕ್ಕದ ಗೆಳತಿಗೆ ಮನೆಮಾತಿನಲ್ಲಿ ಪಿಸುಗುಟ್ಟಿ ವಿವರಿಸಿದ ಹುಡುಗಿ, ಅದನ್ನೇ ಶಾಲೆಯ ಭಾಷೆಯಲ್ಲಿ ಬರೆಯುವಾಗ ತಡವರಿಸಿದರೆ, ಅವಳಿಗೆ ಲೆಕ್ಕವೇ ಬಾರದೆಂದು ಉತ್ತರಪತ್ರಿಕೆ ಹೇಳುತ್ತದೆ. ಆ ಪಿಸುಮಾತನ್ನು ಧ್ವನಿಮುದ್ರಿಸಲು ಪೋಷಕರ ಹಾಗೂ ಮಕ್ಕಳ ಒಪ್ಪಿಗೆ ಇರಬೇಕು, ಅದನ್ನು ಅರಿಯಲು ಆ ಭಾಷೆ ಬಲ್ಲವರೊಬ್ಬರು ತಂಡದಲ್ಲಿರಬೇಕು.