ಫಾರ್ಮ್ಯಾಟ್ ಮಾಡಿದರೆ ಹಾರ್ಡ್ ಡಿಸ್ಕ್ ಸರಿಹೋಗುತ್ತದೆಯೇ?

ಪ್ರಶ್ನೆ: ನಮ್ಮ ಮನೆಯ ಡೆಸ್ಕ್‌ಟಾಪ್ ಕಂಪ್ಯೂಟರಿಗೆ ಆರು ವರ್ಷವಾಗಿದೆ. ಅದರಲ್ಲಿ 1 ಟಿಬಿಯ ಹಾರ್ಡ್ ಡಿಸ್ಕ್ ಇದೆ. ಈಚೆಗೆ ಆನ್ ಆಗಲು ಬಹಳ ಹೊತ್ತು ಹಿಡಿಯುತ್ತಿದೆ. ಹಳೆಯ ಫೋಟೊಗಳಿರುವ ಫೋಲ್ಡರ್ ತೆರೆದರೆ ಹ್ಯಾಂಗ್ ಆಗಿ, ಒಳಗಿನಿಂದ ಟಕ್ ಟಕ್ ಸದ್ದು ಬರುತ್ತದೆ. ಫಾರ್ಮ್ಯಾಟ್ ಮಾಡಿ ವಿಂಡೋಸ್ ಹೊಸದಾಗಿ ಹಾಕಿದರೆ ಸರಿಹೋಗುತ್ತದೆ ಎಂದು ರಿಪೇರಿಯವರು ಹೇಳುತ್ತಾರೆ. ಮಾಡಿಸಬಹುದೇ?
– ಓದುಗರು, ದಾವಣಗೆರೆ

ಉತ್ತರ: ಸದ್ಯಕ್ಕೆ ಬೇಡ. ಆನ್ ಆಗಲು ತಡವಾಗುವುದಕ್ಕೆ ಹತ್ತು ಕಾರಣಗಳಿರಬಹುದು. ಆದರೆ ಒಂದೇ ಫೋಲ್ಡರಿನಲ್ಲಿ ಹ್ಯಾಂಗ್ ಆಗಿ ಅದೇ ಹೊತ್ತಿಗೆ ಸದ್ದೂ ಬರುತ್ತಿದ್ದರೆ, ಡಿಸ್ಕಿನ ಆ ಭಾಗವನ್ನು ಓದಲಾಗದೆ ಹೆಡ್ (ಡಿಸ್ಕಿನಲ್ಲಿ ಓದುವ, ಬರೆಯುವ ಭಾಗ) ಮತ್ತೆ ಮತ್ತೆ ಪ್ರಯತ್ನಿಸುತ್ತಿದೆ ಎಂದೇ ಅನುಮಾನಿಸಬೇಕು. ಆದ್ದರಿಂದ ಪರೀಕ್ಷೆಗೂ ಮೊದಲು, ಬೇಕಾದ ಕಡತಗಳನ್ನು ಬೇರೊಂದು ಎಕ್ಸ್‌ಟರ್ನಲ್ ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಸಲೀಸಾಗಿ ತೆರೆಯುವ ಫೋಲ್ಡರುಗಳನ್ನು ಮೊದಲು ತೆಗೆದುಕೊಂಡು, ತೊಂದರೆ ಕೊಡುವುದನ್ನು ಕೊನೆಗೆ ಮುಟ್ಟಿ.

ಅನಂತರ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಲ್ಲಿ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಟ್ಟುಕೊಳ್ಳುವ ಸ್ಮಾರ್ಟ್ (SMART) ದಾಖಲೆಯನ್ನು ನೋಡಿ. ಅಲ್ಲಿನ ಉದ್ದನೆಯ ಪಟ್ಟಿಗೆ ಗಾಬರಿಯಾಗಬೇಕಿಲ್ಲ. ಕೆಲವು ಕಂಪನಿಗಳ ಡಿಸ್ಕುಗಳಲ್ಲಿ 01 ಎಂಬ ಮೊದಲ ಸಾಲಿನ ಅಂಕಿ ಆರೋಗ್ಯವಾಗಿದ್ದಾಗಲೂ ಭಾರಿಯಾಗಿಯೇ ಇರುತ್ತದೆ. ನೀವು ನೋಡಬೇಕಾದದ್ದು 05, ಸಿ5 (C5), ಸಿ6 (C6) ಮತ್ತು ಸಿ7 (C7) ಸಾಲುಗಳ ಮೂಲ ಅಂಕಿಗಳನ್ನು (Raw Values). 05 ಎಂದರೆ ಕೆಟ್ಟುಹೋದ ಸೆಕ್ಟರುಗಳ (ಡಿಸ್ಕಿನಲ್ಲಿ ಮಾಹಿತಿ ಬರೆಯುವ ಪುಟ್ಟ ತುಣುಕುಗಳ) ಬದಲಿಗೆ ಮೀಸಲು ಜಾಗದಿಂದ ಬಳಸಿಕೊಂಡ ಸೆಕ್ಟರುಗಳ ಲೆಕ್ಕ; ಸಿ5 ಎಂದರೆ ಓದಲು ಬಾರದೆ ತೀರ್ಮಾನಕ್ಕೆ ಕಾದಿರುವವು; ಸಿ6 ಎಂದರೆ ಡಿಸ್ಕ್ ತಾನಾಗಿ ತಪಾಸಣೆ ಮಾಡಿದಾಗಲೂ ಓದಲಾಗದವು. ಈ ಮೂರರಲ್ಲಿ ಯಾವುದಾದರೂ ಸೊನ್ನೆ ಬಿಟ್ಟು ದಿನೇ ದಿನೇ ಏರುತ್ತಿದ್ದರೆ ಆ ಡಿಸ್ಕನ್ನು ನಂಬುವಂತಿಲ್ಲ. ಸಿ7 ಎಂದರೆ ಡಿಸ್ಕಿಗೂ ಕಂಪ್ಯೂಟರಿಗೂ ನಡುವೆ ಮಾಹಿತಿ ಸಾಗುವಾಗ ಆದ ತಪ್ಪುಗಳ ಲೆಕ್ಕ; ಅದು ಮಾತ್ರ ಏರುತ್ತಿದ್ದರೆ, ತಪ್ಪು ಬಹುಮಟ್ಟಿಗೆ ಡಿಸ್ಕಿನದಲ್ಲ, ಅವೆರಡನ್ನು ಜೋಡಿಸುವ ಸಾಟಾ ಕೇಬಲಿನದು. ಕೇಬಲ್ ಬದಲಿಸಿ ನೋಡುವುದು ಅಗ್ಗದ ಕೆಲಸ. ಹಳೆಯ ಸಿ7 ಅಂಕಿ ಆಮೇಲೂ ಇಳಿಯುವುದಿಲ್ಲ, ಏರದೆ ನಿಂತರೆ ಸಾಕು.

ಎಲ್ಲವೂ ಸೊನ್ನೆ ಇದ್ದರೆ ನಿಶ್ಚಿಂತೆ ಎಂದುಕೊಳ್ಳಬೇಡಿ. ಗೂಗಲ್ ತನ್ನ ಡೇಟಾ ಸೆಂಟರುಗಳ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಗಮನಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಟ್ಟುಹೋದ ಡಿಸ್ಕುಗಳಲ್ಲಿ ಅರ್ಧಕ್ಕೂ ಹೆಚ್ಚಿನವು ಪ್ರಬಲವೆನಿಸಿದ ನಾಲ್ಕು ಸ್ಮಾರ್ಟ್ ಸೂಚನೆಗಳಲ್ಲಿ ಒಂದನ್ನೂ ಮೊದಲೇ ತೋರಿಸಿರಲಿಲ್ಲ.

ಇನ್ನು ಫಾರ್ಮ್ಯಾಟ್ ವಿಚಾರ. ಪೂರ್ಣ ಫಾರ್ಮ್ಯಾಟ್ ಮಾಡಿದಾಗ ಕಾದಿರುವ ಸೆಕ್ಟರುಗಳ ಮೇಲೆ ಹೊಸದಾಗಿ ಬರೆಯಲಾಗುತ್ತದೆ. ಬರೆದದ್ದು ಸರಿಯಾಗಿ ಉಳಿದರೆ ಸಿ5 ಇಳಿಯುತ್ತದೆ, ಉಳಿಯದಿದ್ದರೆ ಅವು 05ರ ಲೆಕ್ಕಕ್ಕೆ ಸೇರುತ್ತವೆ. ಹೀಗಾಗಿ ಕಂಪ್ಯೂಟರ್ ಕೆಲವು ವಾರ ಚುರುಕಾಗಿ ನಡೆದು ರಿಪೇರಿಯವರ ಮಾತು ನಿಜವೆನಿಸಬಹುದು, ಆದರೆ ಫೋಟೊಗಳು ಹೋಗಿರುತ್ತವೆ, ಸವೆದ ಡಿಸ್ಕ್ ಸವೆದೇ ಇರುತ್ತದೆ. ವಿಂಡೋಸ್‌ನಲ್ಲೇ ಇರುವ ಚೆಕ್‌ಡಿಸ್ಕ್ ಎಂಬ ಡಿಸ್ಕ್ ತಪಾಸಣೆಯ ಸಾಧನವನ್ನೂ ನಕಲು ಮುಗಿಯುವವರೆಗೆ ಓಡಿಸಬೇಡಿ; ಅದು ಫೈಲ್ ವ್ಯವಸ್ಥೆಯನ್ನು ಸರಿಪಡಿಸಲು ಹೊರಡುತ್ತದೆಯೇ ಹೊರತು ನಿಮ್ಮ ಫೋಟೊಗಳನ್ನು ಉಳಿಸಲು ಅಲ್ಲ, ಜೊತೆಗೆ ಇಡೀ ಡಿಸ್ಕನ್ನು ಗಂಟೆಗಟ್ಟಲೆ ದುಡಿಸುತ್ತದೆ.

ಟಕ್ ಟಕ್ ಸದ್ದು ಬಿಡದೆ ಬರತೊಡಗಿದರೆ ಅಥವಾ ಬಯಾಸ್‌ನಲ್ಲಿ (ವಿಂಡೋಸ್ ಶುರುವಾಗುವ ಮೊದಲು ತೆರೆಯಬಹುದಾದ ಕಂಪ್ಯೂಟರಿನ ಸೆಟ್ಟಿಂಗ್ಸ್ ಪರದೆಯಲ್ಲಿ) ಡಿಸ್ಕಿನ ಹೆಸರೇ ಕಾಣದಿದ್ದರೆ ಕೂಡಲೇ ಆಫ್ ಮಾಡಿ, ಡೇಟಾ ರಿಕವರಿ ಮಾಡುವವರಲ್ಲಿಗೆ ಒಯ್ಯಿರಿ. ಆ ಕೆಲಸ ದುಬಾರಿ, ಆದ್ದರಿಂದ ಮೊದಲು ಅಂದಾಜು ಖರ್ಚು ಕೇಳಿಕೊಳ್ಳಿ. ಮನೆಯಲ್ಲಿ ಡಿಸ್ಕಿನ ಮುಚ್ಚಳ ಬಿಚ್ಚಿದರೆ ಧೂಳು ಸೇರಿ ಅವರಿಂದಲೂ ಆಗದಂತಾದೀತು.