ಊಟದ ಟೇಬಲ್ಲಿನ 'ಬಸ್ಟ್' ವಾದಕ್ಕೆ ಸೇರಿಕೊಳ್ಳೋದು ಹೇಗೆ

"ಸಾಂಟಾ ಕ್ಲಾರಾಗೆ ಬಂದು ಎರಡು ತಿಂಗಳು. ಮಧ್ಯಾಹ್ನ ಊಟಕ್ಕೆ ಕೂತರೆ ಟ್ರೇ ಲ್ಯಾನ್ಸ್ ದೊಡ್ಡ ಬಸ್ಟೋ, ಜಮಾರ್ಕಸ್ ರಸೆಲ್ ದೊಡ್ಡ ಬಸ್ಟೋ ಅಂತ ವಾದ. ನಾನು ಡಬ್ಬಿ ನೋಡ್ಕೊಂಡು ಕೂತಿರ್ತೀನಿ, ಏನಿದು?" ಅಂತ ಕೇಳಿದ್ದೀರಿ. ಅಮೆರಿಕನ್ ಫುಟ್‌ಬಾಲಿನ ನಿಯಮ ಒಂದೂ ಬರದಿದ್ರೂ ಪರವಾಗಿಲ್ಲ. ಇದು ಆಟಕ್ಕಿಂತ ವ್ಯಾಪಾರದ ಮಾತು. ಬಸ್ಟ್ ಅಂದ್ರೆ ಭಾರಿ ಬೆಲೆ ತೆತ್ತು ತಂದು, ಆಮೇಲೆ ಕೈಕೊಟ್ಟ ಆಟಗಾರ.

ಮೊದಲು ಐಪಿಎಲ್ ಹರಾಜನ್ನ ತಲೆಯಿಂದ ತೆಗೆದುಹಾಕಿ. ಇಲ್ಲಿ ವೃತ್ತಿಪರ ತಂಡಗಳು ಕಾಲೇಜು ಆಟಗಾರರನ್ನ ಆರಿಸಿಕೊಳ್ಳೋದು ಡ್ರಾಫ್ಟ್‌ನಲ್ಲಿ. ಅದರಲ್ಲಿ ಬೆಲೆ ಕೂಗೋದಿಲ್ಲ, ಸರದಿ ಮಾತ್ರ. ಏಪ್ರಿಲ್ ಕೊನೆಗೆ ಮೂರು ದಿನ, 32 ತಂಡ, 7 ಸುತ್ತು. ಹಿಂದಿನ ಸೀಸನ್ನಿನಲ್ಲಿ ಎಲ್ಲರಿಗಿಂತ ಹೆಚ್ಚು ಸೋತವರಿಗೆ ಮೊದಲ ಸರದಿ. ಕಾಲೇಜಿಂದ ಬಂದ ಹುಡುಗ ಯಾವ ತಂಡ ಕರೆಯುತ್ತೋ ಅಲ್ಲಿಗೆ ಹೋಗಬೇಕು. ಆದರೆ ತಂಡಗಳು ತಮ್ಮ ಸರದಿಯನ್ನ ಅದಲುಬದಲು ಮಾಡ್ಕೋಬಹುದು, ಮುಂದಿನ ವರ್ಷದ್ದನ್ನೂ ಈಗಲೇ ಕೊಟ್ಟುಬಿಡಬಹುದು. ಆರ್‌ಸಿಬಿ 2021ರಲ್ಲಿ ಕೈಲ್ ಜೇಮಿಸನ್‌ಗೆ ಸುರಿದದ್ದು 15 ಕೋಟಿ ದುಡ್ಡು. ಇಲ್ಲಿ ಸುರಿಯೋದು ಸರದಿಯನ್ನ, ಅಂದ್ರೆ ಅದರಲ್ಲಿ ಸಿಗಬಹುದಾಗಿದ್ದ ಇನ್ನೊಬ್ಬ ಆಟಗಾರನನ್ನ. ಆರನೇ ಸುತ್ತಿನಲ್ಲಿ ಬಂದವನು ಆಡದೆ ಹೋದ್ರೆ ಯಾರೂ ಬಸ್ಟ್ ಅನ್ನಲ್ಲ. ಬೆಟ್ಟ ಅಗೆದು ಇಲಿ ಹಿಡಿದಾಗ ಮಾತ್ರ ಆ ಹೆಸರು.

ನಿಮ್ಮೂರಿನ ಫಾರ್ಟಿನೈನರ್ಸ್ ಅಗೆದ ಬೆಟ್ಟ ನೋಡಿ. 2021ರಲ್ಲಿ ಅವರದ್ದು 12ನೇ ಸರದಿ. 3ಕ್ಕೆ ಏರೋಕೆ ಮಯಾಮಿಗೆ ಆ 12ನ್ನೂ, 2022 ಮತ್ತು 2023ರ ಮೊದಲ ಸುತ್ತಿನ ಸರದಿಗಳನ್ನೂ, ಮೇಲೊಂದು ಮೂರನೇ ಸುತ್ತಿನದ್ದನ್ನೂ ಕೊಟ್ಟರು. ಬಂದವನು ಲ್ಯಾನ್ಸ್, ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು). ನಾರ್ತ್ ಡಕೋಟಾ ಸ್ಟೇಟ್‌ನಲ್ಲಿ 2019ರಲ್ಲಿ 28 ಟಚ್‌ಡೌನ್ (ಚೆಂಡು ಎದುರಾಳಿಯ ಕೊನೆಗೆರೆ ದಾಟಿ ಅಂಕ ಬರೋದು) ಎಸೆದಿದ್ದ, ಒಂದು ಎಸೆತವೂ ಎದುರಾಳಿಯ ಕೈಗೆ ಸಿಕ್ಕಿರಲಿಲ್ಲ. ಆದರೆ ಅದು ಕಾಲೇಜು ಆಟದಲ್ಲಿ ಮೇಲಿನದ್ದಲ್ಲ, ಎರಡನೇ ದರ್ಜೆ. ಕೋವಿಡ್ ವರ್ಷ 2020ರಲ್ಲಿ ಆಡಿದ್ದು ಒಂದೇ ಪಂದ್ಯ. ಅವನಿಗೆ ಬೇಕಿದ್ದದ್ದು ಆಡಿ ಆಡಿ ಕೈ ಪಳಗೋದು. ಪಳಗೋ ಮೊದಲೇ, 2022ರ ಎರಡನೇ ಪಂದ್ಯದಲ್ಲಿ ಕಣಕಾಲು ಮುರೀತು. ಅದೇ ವರ್ಷ 262ನೇ, ಅಂದ್ರೆ ಕಟ್ಟಕಡೆಯ ಸರದಿಯಲ್ಲಿ ಬಂದಿದ್ದ ಬ್ರಾಕ್ ಪರ್ಡಿ ಡಿಸೆಂಬರಿನಲ್ಲಿ ಮೈದಾನಕ್ಕಿಳಿದವನು ಜಾಗ ಬಿಡಲೇ ಇಲ್ಲ. ಇಲ್ಲಿ 4 ಪಂದ್ಯಕ್ಕೆ ಮೊದಲ ಆಯ್ಕೆಯಾಗಿ ಇಳಿದಿದ್ದ ಲ್ಯಾನ್ಸ್‌ನನ್ನ 2023ರ ಆಗಸ್ಟಿನಲ್ಲಿ ಒಂದು ನಾಲ್ಕನೇ ಸುತ್ತಿನ ಸರದಿಗೆ ಡಲ್ಲಾಸ್‌ಗೆ ಕೊಟ್ಟರು. ಕೈಬಿಟ್ಟ ಆ 12ನೇ ಸರದಿಯೂ ಕೈಯಿಂದ ಕೈಗೆ ದಾಟಿ ಸೇರಿದ್ದು ಡಲ್ಲಾಸನ್ನೇ. ಅದರಲ್ಲಿ ಅವರು ಹಿಡಿದದ್ದು ಆಮೇಲೆ ದೊಡ್ಡ ರಕ್ಷಣಾ ಆಟಗಾರನಾದ ಮೈಕಾ ಪಾರ್ಸನ್ಸ್‌ನನ್ನ! ಇಷ್ಟಾದ್ರೂ ಪರ್ಡಿ ಇದ್ದದ್ದರಿಂದ ತಂಡ 2024ರ ಫೆಬ್ರವರಿಯಲ್ಲಿ ಸೂಪರ್ ಬೌಲ್ (ಸೀಸನ್ನಿನ ಫೈನಲ್) ಆಡಿತು. ಅದಕ್ಕೇ ಇವರು ಲ್ಯಾನ್ಸ್ ಬಗ್ಗೆ ನಗ್ತಾ ಮಾತಾಡ್ತಾರೆ.

ರಸೆಲ್ ವಿಷಯ ನಗುವಂಥದ್ದಲ್ಲ. 2007ರಲ್ಲಿ ಮೊದಲ ಸರದಿಯಲ್ಲಿ ಓಕ್ಲೆಂಡ್ ರೈಡರ್ಸ್ ಹಿಡಿದರು. ಒಪ್ಪಂದದ ಜಗ್ಗಾಟ ಸೆಪ್ಟೆಂಬರ್‌ವರೆಗೂ ನಡೆದು ತರಬೇತಿ ಶಿಬಿರ ಪೂರ್ತಿ ತಪ್ಪಿತು. ಹೊಸ ಕ್ವಾರ್ಟರ್‌ಬ್ಯಾಕ್‌ಗೆ ಅದು ಮಳೆಗಾಲದಲ್ಲಿ ಬಿತ್ತನೆ ತಪ್ಪಿದ ಹಾಗೆ. 25 ಪಂದ್ಯಕ್ಕೆ ಮೊದಲ ಆಯ್ಕೆಯಾಗಿ ಇಳಿದು ಗೆದ್ದದ್ದು 7. 2010ರ ಮೇ ತಿಂಗಳಲ್ಲಿ ಮನೆಗೆ ಕಳಿಸಿದರು. ಖಾತ್ರಿ ಹಣವೇ 30 ಮಿಲಿಯನ್ ಡಾಲರಿಗೂ ಮೇಲಿತ್ತು. ಅವನ ಹಿಂದೆಯೇ 2 ಮತ್ತು 3ರಲ್ಲಿ ಹೋದ ಕ್ಯಾಲ್ವಿನ್ ಜಾನ್ಸನ್, ಜೋ ಥಾಮಸ್ ಇಬ್ಬರೂ ಈಗ ಹಾಲ್ ಆಫ್ ಫೇಮ್‌ನಲ್ಲಿ, ಅಂದ್ರೆ ಆಟದ ದಿಗ್ಗಜರ ಗೌರವ ಪಟ್ಟಿಯಲ್ಲಿದ್ದಾರೆ. ತಂಡಗಳಿಗೂ ಆಟಗಾರರ ಸಂಘಕ್ಕೂ ಆದ 2011ರ ಕಾರ್ಮಿಕ ಒಪ್ಪಂದ ಹೊಸಬರ ಸಂಬಳಕ್ಕೆ ಕಡಿವಾಣ ಹಾಕಿತು: 2010ರ ಮೊದಲ ಸರದಿಯ ಸ್ಯಾಮ್ ಬ್ರಾಡ್‌ಫರ್ಡ್‌ಗೆ ಖಾತ್ರಿ ಹಣವೇ 50 ಮಿಲಿಯನ್, ಮರುವರ್ಷ ಕ್ಯಾಮ್ ನ್ಯೂಟನ್‌ಗೆ ನಾಲ್ಕು ವರ್ಷಕ್ಕೆ ಒಟ್ಟು 22 ಮಿಲಿಯನ್.

ಹಳಬರು ರಯಾನ್ ಲೀಫ್ ಹೆಸರು ತೆಗೀತಾರೆ. 1998ರಲ್ಲಿ, ಮುಂದೆ ದಿಗ್ಗಜ ಕ್ವಾರ್ಟರ್‌ಬ್ಯಾಕ್ ಆದ ಪೇಟನ್ ಮ್ಯಾನಿಂಗ್ ಹೋದಮೇಲೆ ಎರಡನೆಯವನಾಗಿ ಸ್ಯಾನ್ ಡಿಯೇಗೋಗೆ ಹೋದವನು. ಮೂರನೇ ಪಂದ್ಯದಲ್ಲಿ ಕ್ಯಾನ್ಸಸ್ ಸಿಟಿ ವಿರುದ್ಧ 15 ಸಲ ಚೆಂಡು ಎಸೆದ, ತನ್ನವರಿಗೆ ಸಿಕ್ಕಿದ್ದು ಒಂದು, ಅದರಿಂದ ತಂಡ ಮುಂದೆ ಸಾಗಿದ್ದು ನಾಲ್ಕೇ ಗಜ.

ನೀವು ಮೂರು ಪ್ರಶ್ನೆ ಇಟ್ಕೊಳ್ಳಿ: ಎಷ್ಟನೇ ಸರದಿ? ಅದಕ್ಕೆ ಏನೇನು ಕೊಟ್ಟರು? ಅವನ ಹಿಂದೆ ಯಾರು ಉಳಿದಿದ್ದರು? ಅಷ್ಟು ಕೇಳಿದರೆ ಸಾಕು, ಉಳಿದದ್ದು ಅವರೇ ಅರ್ಧ ಗಂಟೆ ಮಾತಾಡ್ತಾರೆ. ಮೂರು ಸೀಸನ್ ಮುಗಿಯೋವರೆಗೆ ನೀವಾಗಿ ಯಾರನ್ನೂ ಬಸ್ಟ್ ಅನ್ನಬೇಡಿ. ಮೊದಲ ಸುತ್ತಿನವರಿಗೆ ಒಪ್ಪಂದದ ಐದನೇ ವರ್ಷ ಕೊಡೋದೋ ಬೇಡವೋ ಅಂತ ತಂಡ ತೀರ್ಮಾನಿಸೋದು ಮೂರನೇ ಸೀಸನ್ ಆದ ಮೇಲಿನ ಮೇ ತಿಂಗಳಲ್ಲಿ. ಬೇಡ ಅಂದ್ರೆ ಆಗ ಮಾತಾಡಬಹುದು. ಆಮೇಲೂ ಹುಷಾರು: 2018ರಲ್ಲಿ 3ನೆಯವನಾಗಿ ನ್ಯೂಯಾರ್ಕ್ ಜೆಟ್ಸ್ ತಂಡ ಸೇರಿ ಬಸ್ಟ್ ಅನ್ನಿಸಿಕೊಂಡ ಸ್ಯಾಮ್ ಡಾರ್ನಾಲ್ಡ್, 2024ರಲ್ಲಿ ಮಿನೆಸೋಟಾಗೆ 14 ಪಂದ್ಯ ಗೆದ್ದುಕೊಟ್ಟ. ಹುಡುಗ ಅವನೇ, ಬದಲಾದದ್ದು ಕೋಚ್, ಮುಂದೆ ನಿಂತು ಅವನನ್ನ ಕಾಪಾಡುವವರು, ಎಸೆದದ್ದನ್ನ ಹಿಡಿಯುವವರು.

ಇನ್ನೊಂದು, ಬಾಯಿ ಬಿಡೋ ಮುಂಚೆ ಎದುರಿಗೆ ಕೂತವರ ಕಾಫಿ ಮಗ್ ನೋಡಿ. ಕೆಂಪು-ಚಿನ್ನದ ಬಣ್ಣ ಇದ್ರೆ ಲ್ಯಾನ್ಸ್ ಜೋಕು ನಡೆಯುತ್ತೆ. ಬೆಳ್ಳಿ-ಕಪ್ಪು ಇದ್ರೆ ರೈಡರ್ಸ್‌ನವರು. ಅವರ ತಂಡ 2020ರಲ್ಲೇ ಲಾಸ್ ವೇಗಸ್‌ಗೆ ಹೊರಟುಹೋಯ್ತು. ಅವರ ಹತ್ತಿರ ರಸೆಲ್ ಹೆಸರು ಎತ್ತಬೇಡಿ, ಅವರಾಗಿ ಎತ್ತಲಿ.